ದಿನದ ಕೊನೆಯ ಲೆಕ್ಕವೂ ಗೆದ್ದವರ ಹೆಮ್ಮೆಯೂ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಎಂದ ಕೂಡಲೇ ನಮ್ಮಲ್ಲಿ ಎರಡೇ ಬಗೆಯ ಮಾತು ಏಳುತ್ತದೆ: ಮಕ್ಕಳು ಹಾಳಾದರು, ಇಲ್ಲವೇ ಆನ್‌ಲೈನ್ ರಮ್ಮಿಯಲ್ಲಿ ಮನೆ ಮುಳುಗಿತು. ಎರಡನೆಯದು ಜೂಜು. ದುಡ್ಡು ಕಟ್ಟಿ ಆಡುವ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟೂ ಆಗಿದೆ. ಈ ಪತ್ರ ಇನ್ನೊಂದು ಬಗೆಯ ಆಟಗಳ ಬಗ್ಗೆ. ಕೂಲಿ, ಬಾಡಿಗೆ, ಸಾಲ, ಲಾಭ ಇವನ್ನೇ ನಿಯಮ ಮಾಡಿಕೊಂಡು, ಬಂಡವಾಳಶಾಹಿಯನ್ನು ಟೀಕಿಸಲೆಂದೇ ಕಟ್ಟಿದ ಆಟಗಳಿವೆ. ಮೈಸೂರು, ಮಂಡ್ಯದ ಹಾಸ್ಟೆಲ್‌ಗಳಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗ ಹುಡುಗಿಯರಿಗೆ ಇವು ಹೊಸವೇನಲ್ಲ. ಆಡಿ ಎದ್ದ ಮೇಲೆ ಕೆಲವರು ಕುಗ್ಗಿರುತ್ತಾರೆ, ಕೆಲವರು ಉಬ್ಬಿರುತ್ತಾರೆ. ಕುಗ್ಗಿದವರನ್ನು ಕಂಡು ಹೆತ್ತವರು ಗಾಬರಿಯಾಗುತ್ತಾರೆ. ನಮಗೆ ಹೆಚ್ಚು ಚಿಂತೆಯಾಗುವುದು ಉಬ್ಬಿದವರನ್ನು ಕಂಡಾಗ.

ಮೊದಲು, ಈ ಆಟಗಳು ಮನಸ್ಸನ್ನು ಹಿಡಿಯುವುದು ಎಲ್ಲಿ ಎಂದು ನೋಡಬೇಕು. ಅದು ಕಥೆಯಲ್ಲಲ್ಲ, ದಿನದ ಕೊನೆಗೆ ಬರುವ ಲೆಕ್ಕದ ಪರದೆಯಲ್ಲಿ. ಲ್ಯೂಕಸ್ ಪೋಪ್ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ ಇದಕ್ಕೆ ಒಳ್ಳೆಯ ಮಾದರಿ. 2022ರಿಂದ ಫೋನಿನಲ್ಲೂ ಸಿಗುತ್ತದೆ. ಆಡುವವರು ಆರ್‌ಸ್ಟೋಟ್ಜ್ಕಾ ಎಂಬ ಕಲ್ಪಿತ ದೇಶದ ಗಡಿ ಚೌಕಿಯ ಗುಮಾಸ್ತ. ಅದು ಕಮ್ಯುನಿಸ್ಟ್ ಆಡಳಿತದ ದೇಶ, ಆದ್ದರಿಂದ ಇದು ಬಂಡವಾಳಶಾಹಿಯ ಟೀಕೆಯೇ ಅಲ್ಲ ಎಂದು ತಕರಾರು ತೆಗೆಯುವವರಿದ್ದಾರೆ. ತಕರಾರು ಸರಿ, ಆದರೆ ಕೆಲಸಕ್ಕೆ ತಕ್ಕ ಕೂಲಿ ಎಂಬ ಯಂತ್ರ ಅಲ್ಲಿ ತಿರುಗುವಷ್ಟು ನಿಚ್ಚಳವಾಗಿ ಬೇರೆ ಆಟದಲ್ಲಿ ಕಾಣುವುದು ಕಡಿಮೆ. ಸರಿಯಾಗಿ ತಪಾಸಣೆ ಮಾಡಿದ ಪ್ರತಿ ಪ್ರಯಾಣಿಕನಿಗೆ 5 ಕ್ರೆಡಿಟ್ ಕೂಲಿ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ ಚೀಟಿ, ಮೂರನೆಯದರಿಂದ ದಂಡ. ಸಂಜೆ ಮನೆಯ ಪಟ್ಟಿ ಬರುತ್ತದೆ: ಬಾಡಿಗೆ ತಾನಾಗಿಯೇ ಕಳೆದುಹೋಗಿರುತ್ತದೆ, ಊಟ, ಚಳಿಗೆ ಶಾಖ, ಕಾಯಿಲೆ ಬಿದ್ದವರಿಗೆ ಔಷಧ ಇವುಗಳ ಮುಂದೆ ಮಾತ್ರ ನಾವೇ ಗುರುತು ಹಾಕಬೇಕು. ಹಣ ಸಾಲದಿದ್ದರೆ ಗುರುತು ತೆಗೆಯಬೇಕು. ಮಗ, ಹೆಂಡತಿ, ಅತ್ತೆ, ಚಿಕ್ಕಪ್ಪ ಯಾರ ಮುಖವೂ ಕಾಣುವುದಿಲ್ಲ, ಹೆಸರಿನ ಪಕ್ಕ ‘ಹಸಿವು’, ‘ಚಳಿ’, ‘ಕಾಯಿಲೆ’ ಎಂಬ ಒಂದೊಂದು ಪದ.

ಇಷ್ಟರಲ್ಲಿ ಆಟಗಾರನ ಒಳಗೆ ಏನು ನಡೆಯುತ್ತದೆ? ಆರಂಭದ ದಿನಗಳಲ್ಲೇ ಒಬ್ಬ ಗಂಡಸು ಕಾಗದಪತ್ರ ಸರಿಯಿದ್ದು ಒಳಗೆ ಹೋಗುತ್ತಾನೆ. ಅವನ ಹಿಂದೆಯೇ ಬಂದ ಹೆಂಡತಿಯ ಬಳಿ ಪರವಾನಗಿ ಇರುವುದಿಲ್ಲ, ಬಿಡಿ ಎಂದು ಗೋಗರೆಯುತ್ತಾಳೆ. ಬಿಟ್ಟರೆ ತಪ್ಪಿನ ಚೀಟಿ. ಆಟಗಾರರಲ್ಲಿ ಮೊದಲು ಏಳುವುದು ಮರುಕವಲ್ಲ, ಸಿಡುಕು. ಗಡಿಯಾರ ಓಡುತ್ತಿದೆ, ಈಕೆ ಹೊತ್ತು ತಿನ್ನುತ್ತಿದ್ದಾಳೆ, ಇನ್ನಿಬ್ಬರನ್ನು ನೋಡಿದ್ದರೆ 10 ಕ್ರೆಡಿಟ್ ಬರುತ್ತಿತ್ತು. ಆ ಸಿಡುಕು ತನ್ನದೇ ಎಂದು ಅರಿವಾಗುವ ಗಳಿಗೆಯಲ್ಲಿ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ. ಕರುಣೆಗೂ ಒಂದು ದರ ಕಟ್ಟಿಟ್ಟಿದ್ದಾರೆ ಎಂಬುದನ್ನು ಭಾಷಣ ಹೇಳಬಹುದು, ಸಿನಿಮಾ ತೋರಿಸಬಹುದು. ಆಟದಲ್ಲಿ ಆ ದರವನ್ನು ಕೊಡುವುದೋ ಉಳಿಸಿಕೊಳ್ಳುವುದೋ ನಮ್ಮ ಬೆರಳೇ ನಿರ್ಧರಿಸುತ್ತದೆ. ಸರದಿ ಸಾಲು ಕರಗದ ಯಾವ ಕೌಂಟರಿನಲ್ಲಾದರೂ ಒಳಗೆ ಕೂತವರು ಏಕೆ ಹರಿಹಾಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಪಾಠ ಇಲ್ಲ. (ಹರಿಹಾಯುವುದನ್ನು ಸಮರ್ಥಿಸುತ್ತಿಲ್ಲ.)

ಇದೇ ಯಂತ್ರ, ಬೇರೆ ಬಣ್ಣದಲ್ಲಿ: 2020ರಲ್ಲಿ ಆರಂಭಿಕ ರೂಪದಲ್ಲಿ, 2022ರಲ್ಲಿ ಪೂರ್ತಿಯಾಗಿ ಬಂದ ‘ಹಾರ್ಡ್‌ಸ್ಪೇಸ್: ಶಿಪ್‌ಬ್ರೇಕರ್’. ಗುಜರಾತಿನ ಅಲಂಗ್ ಕಡಲತೀರದಲ್ಲಿ ಹಳೆಯ ಹಡಗು ಒಡೆಯುವ ಕೆಲಸವನ್ನು ಬಾಹ್ಯಾಕಾಶಕ್ಕೆ ಏರಿಸಿದರೆ ಹೇಗಿರುತ್ತದೋ ಹಾಗೆ. ಕೆಲಸಕ್ಕೆ ಸೇರಿದ ದಿನವೇ ತಲೆಯ ಮೇಲೆ ನೂರು ಕೋಟಿ ಮೀರಿದ ಸಾಲ. ಪಾಳಿ 15 ನಿಮಿಷದ್ದು. ಹಡಗಿನೊಳಗಿನ ಗಾಳಿಯ ಒತ್ತಡ ಇಳಿಸದೆ ಗೋಡೆ ಕೊಯ್ದರೆ ಎಲ್ಲವೂ ಸಿಡಿದು ಹೊರಗೆ ಹಾರುತ್ತದೆ, ನಾವೂ ಸೇರಿ. ರಿಯಾಕ್ಟರನ್ನು ಕಿತ್ತ ಮೇಲೆ ತಡಮಾಡದೆ ಕೆಳಗೆ ನಿಂತ ಸರಕುದೋಣಿಗೆ ತಳ್ಳದಿದ್ದರೆ ಅದು ಕರಗಿ ಸ್ಫೋಟಿಸುತ್ತದೆ. ಕುಲುಮೆಗೆ ಹೋಗಬೇಕಾದ ತಗಡನ್ನು ಇನ್ನೊಂದು ಬಾಯಿಗೆ ಹಾಕಿದರೆ ಅದರ ಬೆಲೆ ನಷ್ಟ. ಉಸಿರಾಡುವ ಆಮ್ಲಜನಕವನ್ನೂ ದುಡ್ಡು ಕೊಟ್ಟೇ ತುಂಬಿಸಿಕೊಳ್ಳಬೇಕು. ಸತ್ತರೆ ಕಂಪನಿ ಇನ್ನೊಂದು ದೇಹ ಕೊಡುತ್ತದೆ, ಅದರ ಬಿಲ್ಲೂ ನಮ್ಮ ಖಾತೆಗೇ. ಪಾಳಿ ಮುಗಿದ ಮೇಲೆ ಉಪಕರಣದ ಬಾಡಿಗೆ, ವಸತಿ ಬಾಡಿಗೆ ಎಲ್ಲ ಕಳೆದ ಪಟ್ಟಿ.

ಆದರೂ ವಿಚಿತ್ರ ನೋಡಿ: ಇದನ್ನು ಆಡುವವರು ಮೊದಲಿಗೆ ಹೇಳುವುದು ‘ನೆಮ್ಮದಿ ಎನಿಸುತ್ತದೆ’ ಎಂದೇ. ಹಳದಿಯಾಗಿ ಹೊಳೆಯುವ ಜೋಡಣೆಯ ಗಂಟುಗಳನ್ನು ಒಂದೊಂದಾಗಿ ಕೊಯ್ದು, ಇಡೀ ಹಡಗು ತೊಳೆಗಳಾಗಿ ಬಿಡಿಸಿಕೊಳ್ಳುವುದನ್ನು ನೋಡುವ ಸುಖವೇ ಬೇರೆ. ಕೈಕೆಲಸದ ಈ ಸುಖ ಸುಳ್ಳಲ್ಲ. ಕೆಲಸ ಇಷ್ಟವಾದವನು ಸಾಲದ ಪಟ್ಟಿಯನ್ನು ಓದದೆ ‘ಮುಂದೆ’ ಒತ್ತುತ್ತಾನೆ ಎಂಬುದೂ ಸುಳ್ಳಲ್ಲ. ಆಟದ ಟೀಕೆ ಇರುವುದು ಈ ಎರಡರ ನಡುವೆ. ಹೊಸಬರು ಮಾಡುವ ತಪ್ಪೆಂದರೆ ಶುರುವಿನಲ್ಲೇ ಗಡಿಯಾರವಿಲ್ಲದ ‘ಓಪನ್ ಶಿಫ್ಟ್’ ಆಯ್ದುಕೊಳ್ಳುವುದು. ಹಾಗೆ ಆಡಿದರೆ ಉಳಿಯುವುದು ಒಳ್ಳೆಯ ಒಗಟು ಮಾತ್ರ, ಪಾಳಿಯ ಉಸಿರುಗಟ್ಟು ಹೋಗಿಬಿಡುತ್ತದೆ. ಮೊದಲ ಹತ್ತು ಪಾಳಿಯನ್ನಾದರೂ 15 ನಿಮಿಷದ ಕ್ರಮದಲ್ಲಿ ಆಡಿ, ಪ್ರತಿ ಪಾಳಿಯ ನಂತರ ಎರಡು ಅಂಕಿಯನ್ನು ಕಾಗದದ ಮೇಲೆ ಬರೆದಿಡುವುದು ಒಳ್ಳೆಯದು: ಗಳಿಸಿದ್ದೆಷ್ಟು, ಸಾಲ ಇಳಿದದ್ದೆಷ್ಟು. ಪರದೆಯ ಮೇಲೆ ಸರಿದುಹೋಗುವ ಅಂಕಿ ನಾಟುವುದಿಲ್ಲ, ಬರೆದದ್ದು ನಾಟುತ್ತದೆ.

ಇನ್ನು ಉಬ್ಬಿದವರ ವಿಚಾರ. ಅಮೆರಿಕದಲ್ಲಿ 2011ರಲ್ಲಿ ‘ಸ್ಪೆಂಟ್’ ಎಂಬ ಪುಕ್ಕಟೆ ಬ್ರೌಸರ್ ಆಟ ಬಂತು. ಕೈಯಲ್ಲಿ ಉಳಿದ 1000 ಡಾಲರಿನಲ್ಲಿ ಒಂದು ತಿಂಗಳು ದೂಡಬೇಕು: ಮನೆ ದೂರ ಹಿಡಿದರೆ ಬಾಡಿಗೆ ಕಡಿಮೆ, ಓಡಾಟದ ಖರ್ಚು ಜಾಸ್ತಿ, ಮಗುವಿಗೆ ಹುಷಾರಿಲ್ಲದಿದ್ದರೆ ರಜೆ ಹಾಕಿ ಕೂಲಿ ಕಳೆದುಕೊಳ್ಳುವುದೋ ಬೇಡವೋ. ಬಡವರ ಬಗ್ಗೆ ಮರುಕ ಹುಟ್ಟಿಸಲೆಂದೇ ಮಾಡಿದ ಆಟ. ಜೀನಾ ರೂಸೋಸ್ ಮತ್ತು ಜಾನ್ ಡೊವಿಡಿಯೊ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಆಟ ಮಾಡುವವರಿಗೆಲ್ಲ ಮುಜುಗರ ತರುವಂಥದ್ದು: ಆಡಿದವರಲ್ಲಿ ಬಡವರ ಬಗೆಗಿನ ಧೋರಣೆ ಸುಧಾರಿಸಲಿಲ್ಲ, ಕೆಲವರಲ್ಲಿ ಇನ್ನಷ್ಟು ಕೆಟ್ಟಿತು. ಕಾರಣ ಆಯ್ಕೆ. ಪ್ರತಿ ಹೆಜ್ಜೆಗೂ ‘ಇದೋ, ಅದೋ’ ಎಂದು ಕೇಳುವ ಆಟ, ಬಡತನವೂ ಸರಿಯಾದ ಗುಂಡಿ ಒತ್ತಿದರೆ ಮುಗಿಯುವ ಸಂಗತಿ ಎಂದು ಕೈಗೆ ಕಲಿಸಿಬಿಡುತ್ತದೆ. ‘ನಾನು ತಿಂಗಳು ನಿಭಾಯಿಸಿದೆನಲ್ಲ, ಅವರಿಗೇನು ಕೇಡು?’

ಇದಕ್ಕೆ ವಿಡಿಯೊ ಗೇಮೇ ಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ‘ಬಿಸಿನೆಸ್’ ಎಂದು ಕರೆಯುವ, ಊರು ಕೊಂಡು ಬಾಡಿಗೆ ವಸೂಲಿ ಮಾಡುವ ಹಲಗೆಯಾಟದ ಮೂಲ ಎಲಿಜಬೆತ್ ಮ್ಯಾಗಿ ಎಂಬಾಕೆಯದು. ಭೂಮಿಯ ಒಡೆತನ ಕೆಲವರ ಕೈ ಸೇರಿದರೆ ಉಳಿದವರ ಗತಿ ಏನೆಂದು ತೋರಿಸಲು 1904ರಲ್ಲಿ ಪೇಟೆಂಟ್ ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಅದು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಆಕೆಯ ಪೇಟೆಂಟನ್ನು 500 ಡಾಲರಿಗೆ ಕೊಂಡಿತು. ‘ಮೊನಾಪಲಿ’ ಎಂಬ ಹೆಸರಿನಲ್ಲಿ ಲೋಕವೆಲ್ಲ ಹರಡಿದ್ದು ಎದುರಾಳಿಯನ್ನು ದಿವಾಳಿ ಎಬ್ಬಿಸುವ ಖುಷಿ. ಎಚ್ಚರಿಸಲು ಮಾಡಿದ ಆಟವೇ ಎಚ್ಚರ ತಪ್ಪಿಸಿತು.

ಅದೇ ಆಟವನ್ನು ಬೇಕೆಂದೇ ವಾಲಿಸಿ ಪಾಲ್ ಪಿಫ್ ಎಂಬ ಮನೋವಿಜ್ಞಾನಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಮಾಡಿದರು. ನಾಣ್ಯ ಚಿಮ್ಮಿ ಒಬ್ಬರನ್ನು ಸಿರಿವಂತರೆಂದು ಆರಿಸಿ, ಅವರಿಗೆ ಇನ್ನೊಬ್ಬರ ಎರಡರಷ್ಟು ಹಣ, ಎರಡು ದಾಳ, ಸುತ್ತು ಮುಗಿದಾಗ ಎರಡರಷ್ಟು ಸಂಬಳ. ಸಿರಿವಂತರು ಕಾಯಿಯನ್ನು ಟಕಟಕ ಸದ್ದುಮಾಡಿ ನಡೆಸತೊಡಗಿದರು, ಪಕ್ಕದಲ್ಲಿಟ್ಟ ಕುರುಕಲನ್ನು ಹೆಚ್ಚು ತಿಂದರು, ಗೆದ್ದದ್ದೇಕೆ ಎಂದು ಕೇಳಿದರೆ ತಮ್ಮ ಚಾಣಾಕ್ಷತನವನ್ನು ವಿವರಿಸಿದರು. ನಾಣ್ಯದ ಮಾತು ತೆಗೆಯಲಿಲ್ಲ.

ಮನೆಯಲ್ಲಿ ಮಾಡಿ ನೋಡಲು ಬೇಕಾದದ್ದು ಒಂದು ಬಿಸಿನೆಸ್ ಹಲಗೆ, ಎರಡು ದಾಳ, ಒಂದು ಬಟ್ಟಲು ಕಳ್ಳೆಪುರಿ, ಅರ್ಧ ಗಂಟೆ. ಇಬ್ಬರು ಸಾಕು. ಡಬ್ಬಿಯಲ್ಲಿ ಹೇಳಿದಷ್ಟು ಹಣ ಒಬ್ಬರಿಗೆ, ಅದರ ಅರ್ಧ ಇನ್ನೊಬ್ಬರಿಗೆ; ದಾಳ, ಸಂಬಳವೂ ಹಾಗೆಯೇ. ಪುರಿ ಬಟ್ಟಲು ಇಬ್ಬರ ನಡುವೆ ಸರಿಸಮ ದೂರದಲ್ಲಿರಲಿ. 30 ನಿಮಿಷಕ್ಕೆ ನಿಲ್ಲಿಸಿ, ದಿವಾಳಿಯಾಗುವವರೆಗೆ ಎಳೆಯಬೇಡಿ. ಎಳೆದರೆ ಸೋಲುವ ಮಗು ಬೇಸತ್ತು ಎದ್ದುಹೋಗುತ್ತದೆ, ಮಾತಾಡಲು ಯಾರೂ ಉಳಿಯುವುದಿಲ್ಲ. ಗೆದ್ದವರಿಗೆ ಪಾಪ ಎನಿಸಿ ಸಾಲ ಕೊಡಲು ಮುಂದಾದರೆ ತಡೆಯಬೇಡಿ, ಬಡ್ಡಿ ಕೇಳುತ್ತಾರೋ ಇಲ್ಲವೋ ಗಮನಿಸಿ. ಅದೇ ದಿನ ಪಾತ್ರ ಅದಲುಬದಲು ಮಾಡಲೇಬೇಡಿ. ಮಾಡಿದರೆ ಎರಡನೆಯ ಆಟ ಸೇಡಿನ ಆಟವಾಗಿ ಮೊದಲನೆಯದು ಮರೆತೇಹೋಗುತ್ತದೆ. ‘ಬರೀ ಆಟ ಕಣೋ’ ಎಂದು ಸಮಾಧಾನ ಹೇಳುವ ಅಜ್ಜಿಯನ್ನು ಸ್ವಲ್ಪ ಹೊತ್ತು ಆಚೆ ಕೂರಿಸುವುದು ಕಷ್ಟ, ಆದರೂ ಪ್ರಯತ್ನಿಸಿ.

ಅಳಗುಳಿಮಣೆ ಆಡಿದ ಆ ಅಜ್ಜಿಗೇ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದೂ ನಿಜ. 14 ಗುಳಿಗಳ ಆ ಮಣೆಯಲ್ಲಿ ಸೋತವರು ಮುಂದಿನ ಸುತ್ತಿಗೆ ತುಂಬಲಾಗದ ತಮ್ಮ ಮನೆಗಳನ್ನು ಬರಿದಾಗಿ ಬಿಟ್ಟು ಆಡಬೇಕು. ಮನೆ ಕಡಿಮೆಯಾದಷ್ಟೂ ಬೀಜ ಸಿಗುವುದು ಕಡಿಮೆ. ಇದ್ದವನಿಗೇ ಕೂಡುವ ಲೆಕ್ಕವನ್ನು ಹುಣಸೆಬೀಜದಲ್ಲಿ ಕಲಿಸಿದ ಮಣೆ ಅದು. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳಲ್ಲಿ ಮುಳುಗಿದ್ದ ಊರಿನಲ್ಲಿ ಕೂತು ಆಟವೆಂದರೆ ಕಾಲಹರಣ ಎನ್ನುವುದು ನಮಗೆ ಸಲ್ಲುವುದಿಲ್ಲ.

ಕ್ಲಿಕ್ ಆಟಗಳ ಬಗ್ಗೆ ಒಂದು ಮಾತು, ಏಕೆಂದರೆ ಇವು ಹಿಡಿದುಕೊಳ್ಳುವುದು ಹೆಚ್ಚು. 2013ರ ‘ಕುಕ್ಕಿ ಕ್ಲಿಕರ್’ ಬೆಳವಣಿಗೆಯ ಹುಚ್ಚನ್ನು ಗೇಲಿ ಮಾಡುವ ಆಟ. ಬಿಸ್ಕತ್ತು ಒತ್ತಿ ಒತ್ತಿ ಕೂಡಿಹಾಕಿ, 100 ಬಿಸ್ಕತ್ತಿಗೆ ಒಬ್ಬ ಅಜ್ಜಿಯನ್ನು ಕೆಲಸಕ್ಕಿಟ್ಟುಕೊಳ್ಳಬೇಕು. ಆಕೆ ಸೆಕೆಂಡಿಗೊಂದು ಸುಡುತ್ತಾಳೆ. ಪ್ರತಿ ಖರೀದಿಗೂ ಮುಂದಿನ ಅಜ್ಜಿಯ ಬೆಲೆ ಶೇ 15 ಏರುತ್ತದೆ. ಲೆಕ್ಕ ಹಾಕಿ: ಮೊದಲ ಅಜ್ಜಿ 100 ಸೆಕೆಂಡಿನಲ್ಲಿ ತನ್ನ ಬೆಲೆ ತೀರಿಸುತ್ತಾಳೆ. 21ನೆಯವಳ ಬೆಲೆ ಸುಮಾರು 1,637, ಅಂದರೆ 27 ನಿಮಿಷ. 51ನೆಯವಳ ಬೆಲೆ 1,08,000 ದಾಟುತ್ತದೆ, ತೀರಲು 30 ಗಂಟೆ. ಆಟ ಇದನ್ನು ಮುಚ್ಚಿಡುವುದಿಲ್ಲ. ಬೇಸರ ಬರುವ ಹೊತ್ತಿಗೆ ಸರಿಯಾಗಿ ಇನ್ನೊಂದು ಹೊಸ ಯಂತ್ರ ತೋರಿಸುತ್ತದೆ, ಅಷ್ಟೇ. ಮೂರು ದಿನ ಆಡಿದವರಿಗೆ ಉಳಿಯುವುದು ಸಂತೋಷವಲ್ಲ, ಬರಿದಾದ ಕಸಿವಿಸಿ. ಆದರೂ ತೆರೆದ ಟ್ಯಾಬ್ ಮುಚ್ಚಲು ಮನಸ್ಸಾಗದು. ಗೇಲಿಯೂ ಗೀಳಾಗಬಲ್ಲದು. ಇಯಾನ್ ಬೊಗೋಸ್ಟ್ ಎಂಬ ಆಟ ವಿನ್ಯಾಸಕ 2010ರಲ್ಲಿ ಫೇಸ್‌ಬುಕ್ ಆಟಗಳನ್ನು ಹಂಗಿಸಲೆಂದು ಆರು ಗಂಟೆಗೊಮ್ಮೆ ಹಸು ಒತ್ತುವ ‘ಕೌ ಕ್ಲಿಕರ್’ ಮಾಡಿದರು. ಜನ ಮುಗಿಬಿದ್ದರು. ಮಾರನೆಯ ವರ್ಷ ಹಸುಗಳನ್ನೆಲ್ಲ ಮಾಯ ಮಾಡಿದರೂ ಖಾಲಿ ಜಾಗ ಒತ್ತುವವರು ಉಳಿದೇ ಇದ್ದರು. ಇಂಥ ಆಟಕ್ಕೆ ಮದ್ದು ಒಂದೇ: ಶುರುವಿನಲ್ಲೇ ನಿಲ್ಲಿಸುವ ಅಂಕಿ ಬರೆದಿಟ್ಟುಕೊಳ್ಳುವುದು, 51ನೆಯ ಅಜ್ಜಿ ಎಂದಿಟ್ಟುಕೊಳ್ಳಿ.

‘ಡಿಸ್ಕೊ ಎಲಿಸಿಯಂ’ (2019) ಇವೆಲ್ಲಕ್ಕಿಂತ ದೊಡ್ಡ ಆಟ, ಹತ್ತು ಲಕ್ಷಕ್ಕೂ ಮೀರಿದ ಇಂಗ್ಲಿಷ್ ಪದಗಳದ್ದು. ಬಂದರು ಕಾರ್ಮಿಕರ ಮುಷ್ಕರದ ನಡುವೆ ಕುಡಿದು ನೆನಪು ಕಳೆದುಕೊಂಡ ಪತ್ತೇದಾರ ಹೋಟೆಲ್ ಬಿಲ್ ತೀರಿಸಲು ಖಾಲಿ ಬಾಟಲಿ ಆಯುತ್ತಾನೆ. ಇಲ್ಲಿ ಮೈಯ ಆರೋಗ್ಯದ ಜೊತೆ ಮನಸ್ಥೈರ್ಯಕ್ಕೂ ಒಂದು ಅಳತೆಪಟ್ಟಿ ಇದೆ. ಅದು ಸೊನ್ನೆಯಾದರೂ ಆಟ ಮುಗಿದಂತೆ. ಸೋಲನ್ನು ನಗುವಾಗಿಯೂ ಮರುಕವಾಗಿಯೂ ತಿರುಗಿಸುವ ಜಾಣ್ಮೆ ಇದರಲ್ಲಿದ್ದು, ಗೆದ್ದವರ ಹೆಮ್ಮೆಗೆ ಜಾಗವೇ ಕಡಿಮೆ. ಅದನ್ನು ರೂಪಿಸಿದ ಪ್ರಮುಖರೇ 2021ರ ಕೊನೆಗೆ ಆ ಕಂಪನಿಯಿಂದ ಹೊರಬಿದ್ದದ್ದು ಆಟದೊಳಗಿನ ಅಧ್ಯಾಯದಂತೆಯೇ ಇದೆ.

ಮಂಡ್ಯದ ಕಡೆಯವರಿಗೆ ಹೆಚ್ಚು ಪರಿಚಿತ ‘ಸ್ಟಾರ್‌ಡ್ಯೂ ವ್ಯಾಲಿ’ (2016). ಕಂಪನಿಯ ಮೇಜು ಬಿಟ್ಟು ಅಜ್ಜನ ಜಮೀನಿಗೆ ಬರುವ ಕಥೆ. ಊರಿನ ಅಂಗಡಿಯನ್ನು ನುಂಗಲು ಬಂದ ಜೋಜಾ ಎಂಬ ದೊಡ್ಡ ಮಳಿಗೆಯೂ ಇದೆ. ಆಡುವವರಿಗೆ ನಿರಾಳ ಎನಿಸುವುದೇಕೆಂದು ಬಿಡಿಸಿ ನೋಡಿದರೆ ನಗು ಬರುತ್ತದೆ. 20 ನಾಣ್ಯದ ಬೀಜ ಬಿತ್ತಿದರೆ ನಾಲ್ಕು ದಿನಕ್ಕೆ 35 ನಾಣ್ಯದ ಗಡ್ಡೆ. ಊರೆಲ್ಲ ಅದನ್ನೇ ಬೆಳೆದರೂ ದರ ಬೀಳುವುದಿಲ್ಲ, ಸಂಜೆ ಪೆಟ್ಟಿಗೆಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ದುಡ್ಡು, ತೂಕದಲ್ಲಿ ಕಡಿತವಿಲ್ಲ, ಬಾಕಿ ಇಲ್ಲ. ಕೆಆರ್‌ಎಸ್ ಮಟ್ಟ ದಿನಾ ಪತ್ರಿಕೆಯಲ್ಲಿ ನೋಡುವ ಮನೆಯ ಹುಡುಗನಿಗೆ ಇದು ಕನಸೇ ಸರಿ. ದುಡಿಮೆಗೆ ಖಾತ್ರಿಯಾದ ಫಲ ಸಿಕ್ಕರೆ ಮನುಷ್ಯನಿಗೆ ಎಷ್ಟು ಹಗುರವಾಗುತ್ತದೆ ಎಂಬುದನ್ನು ತೋರಿಸುವುದೇ ಅದರ ಟೀಕೆ. ಎರಡನೆಯ ವರ್ಷದ ಹೊತ್ತಿಗೆ ಬಹಳ ಮಂದಿ ಲಾಭದ ಕೋಷ್ಟಕ ಹಾಕಿ ಅಜ್ಜನ ಜಮೀನನ್ನೇ ಕಾರ್ಖಾನೆ ಮಾಡಿಬಿಡುತ್ತಾರೆ, ಅದು ಬೇರೆ ಮಾತು.

ಒಂದು ಎಚ್ಚರಿಕೆ. ಸಾಲವಿಲ್ಲದ ಮನೆಯ ಹುಡುಗನಿಗೆ ಆಟದ ಸಾಲ ರೋಚಕ. ವಾರದ ಕಂತಿಗೆ ಸಂಘದವರು ಬಾಗಿಲಲ್ಲಿ ನಿಲ್ಲುವ ಮನೆಯ ಹುಡುಗಿಗೆ ಅದು ಉಸಿರುಕಟ್ಟಿಸುತ್ತದೆ. ಕಿರುಸಾಲ ವಸೂಲಿಯ ಕಿರುಕುಳಕ್ಕೆ ತಡೆ ಹಾಕಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅಂಥ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟಿವೆಯೋ. ತರಗತಿಯಲ್ಲಿ ‘ಪೇಪರ್ಸ್, ಪ್ಲೀಸ್’ ಅಥವಾ ‘ಶಿಪ್‌ಬ್ರೇಕರ್’ ತೋರಿಸುವ ಮೇಷ್ಟ್ರು ಎಲ್ಲರ ಕೈಗೂ ಮೌಸ್ ಕೊಡಬೇಕಾಗಿಲ್ಲ. ಒಬ್ಬರು ಆಡಲಿ, ಇನ್ನೊಬ್ಬರು ಪರದೆಯ ಇಂಗ್ಲಿಷನ್ನು ಕನ್ನಡದಲ್ಲಿ ಓದಿ ಹೇಳಲಿ, ಬೇಡವೆನಿಸಿದವರು ಕಾರಣ ಹೇಳದೆ ಎದ್ದು ಹೋಗುವ ಅವಕಾಶವಿರಲಿ. ‘ಪೇಪರ್ಸ್, ಪ್ಲೀಸ್’ನಲ್ಲಿ ಹಿಂದಿನ ಯಾವ ದಿನಕ್ಕಾದರೂ ಮರಳಿ ಆಡುವ ಸೌಲಭ್ಯವಿದೆ. ಅದನ್ನು ಬಳಸಕೂಡದೆಂದು ಮೊದಲೇ ಗೊತ್ತುಮಾಡಿ. ಸತ್ತ ಚಿಕ್ಕಪ್ಪನನ್ನು ಒಂದು ಕ್ಲಿಕ್ಕಿನಲ್ಲಿ ಬದುಕಿಸಿಕೊಂಡವರಿಗೆ ಅಳುವೂ ಬರುವುದಿಲ್ಲ, ಯೋಚನೆಯೂ ಬರುವುದಿಲ್ಲ.

ಕಂಪ್ಯೂಟರಿಲ್ಲದ ಶಾಲೆಗಳಿಗೆ, ಕಬ್ಬಿನ ಮೇಲೆ ಕಟ್ಟಬಹುದಾದ ಒಂದು ಕಾಗದದ ಆಟದ ಅಳತೆ ಇಲ್ಲಿದೆ. ಅಂಕಿಗಳು ಆಟದವು, ಹೊಲದವಲ್ಲ. ಪ್ರತಿಯೊಬ್ಬರಿಗೂ 20 ಹುಣಸೆಬೀಜ. ನಾಟಿಗೆ 8, ಗೊಬ್ಬರಕ್ಕೆ 4, ಕಳೆ ಮತ್ತು ನೀರಿಗೆ 3, ಕಟಾವಿಗೆ 5. ಅಲ್ಲಿಗೆ 20 ಮುಗಿಯಿತು. ಮನೆ ಖರ್ಚಿಗೆ ತಿಂಗಳಿಗೊಂದರಂತೆ 12 ಬೀಜ ಸಾಲ ತರಬೇಕು, ತೀರಿಸುವಾಗ 15. ಬೆಳೆ ಬಂದಾಗ ಎರಡು ದಾರಿ. ಆಲೆಮನೆಗೆ ಹಾಕಿದರೆ ಕೈಮೇಲೆ 32. ಕಾರ್ಖಾನೆಗಾದರೆ 36, ಆದರೆ ನಾಣ್ಯ ಚಿಮ್ಮಿ ಹೆಡ್ ಬೀಳುವವರೆಗೆ ಕಾಯಬೇಕು; ಟೇಲ್ ಬಿದ್ದ ಪ್ರತಿ ಸಲ ಮನೆ ಖರ್ಚಿಗೆ 1, ಬಡ್ಡಿಗೆ 1, ಕಬ್ಬು ಒಣಗಿ ತೂಕ ಇಳಿದದ್ದಕ್ಕೆ 1, ಒಟ್ಟು 3 ಕಳೆಯಿರಿ. ಒಂದು ಟೇಲ್‌ಗೆ 33, ಎರಡಕ್ಕೆ 30. ಕಾರ್ಖಾನೆ ಆರಿಸಿದವರಲ್ಲಿ ಸರಾಸರಿ ನಾಲ್ವರಿಗೆ ಒಬ್ಬರು ಆಲೆಮನೆಯ ದರಕ್ಕಿಂತ ಕೆಳಗಿಳಿಯುವ ಸಂಭವ ಇದರಲ್ಲಿದೆ. ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಹಲಗೆಯ ನಡುವೆ ಅಂಟಿಸಿಡಿ, ಮಕ್ಕಳೇ ಅದರತ್ತ ಬೆರಳು ಮಾಡುತ್ತಾರೆ.

ಕಾರ್ಖಾನೆಯ ದರವನ್ನು 40ಕ್ಕೆ ಏರಿಸಬೇಡಿ. ಎಲ್ಲರೂ ಅದನ್ನೇ ಆರಿಸಿ ಆಟ ಸಪ್ಪೆಯಾಗುತ್ತದೆ. 32ಕ್ಕೆ ಇಳಿಸಿದರೆ ಯಾರೂ ಆರಿಸುವುದಿಲ್ಲ. ಗೆಲ್ಲುವ ದಾರಿಯೇ ಇಲ್ಲದಂತೆ ಮಾಡಿದರೆ ಎರಡನೆಯ ಸುತ್ತಿಗೆ ಮಕ್ಕಳು ಕೈ ಚೆಲ್ಲುತ್ತಾರೆ. ಆಟ ಮುಗಿದ ಮೇಲೆ ಮೊದಲು ಮಾತಾಡಿಸಬೇಕಾದ್ದು ಮೊದಲ ಚಿಮ್ಮಿಗೇ ಹೆಡ್ ಬಿದ್ದು 36 ಎಣಿಸಿಕೊಂಡವನನ್ನು: ಹೇಗೆ ಗೆದ್ದೆ, ಮಗಾ? 30ಕ್ಕಿಳಿದವಳ ಸರದಿ ಆಮೇಲೆ. ಕ್ರಮ ತಿರುವುಮುರುವಾದರೆ, ಅವಳ ಮಾತು ಕೇಳುತ್ತಲೇ ಅವನು ಅನುಕಂಪದ ಉತ್ತರವೊಂದನ್ನು ಸಿದ್ಧ ಮಾಡಿಟ್ಟುಕೊಂಡುಬಿಡುತ್ತಾನೆ.

ಇತಿ,
ಆಟಗಳ ವಿನ್ಯಾಸ ಕಲಿಸುವ ಇಬ್ಬರು
ಸರಸ್ವತಿಪುರಂ, ಮೈಸೂರು